ಸಹಾಯ ಬೇಕು: ಹೀರೆಕಾಯಿಗೆ ಕವರ್ ಯಾವಾಗ ಕಟ್ಟಬೇಕು?

ನಮಸ್ಕಾರ. ನಮ್ಮದು ಸಾಗರದ ಹತ್ತಿರ. ಹಿತ್ತಲಲ್ಲಿ ಬಸಳೆ, ಬದನೆ, ಅಲಸಂದೆ ಮನೆಗೆ ಸಾಕಾಗುವಷ್ಟು ಬರುತ್ತಿವೆ. ಹೀರೆ ಒಂದೇ ಕೈ ಕೊಡುತ್ತಿರುವುದು. ಚಪ್ಪರದ ತುಂಬಾ ಹೂವಿದೆ, ಮಿಡಿಯೂ ಕಚ್ಚುತ್ತದೆ. ಬೆರಳುದ್ದ ಆಗುವಷ್ಟರಲ್ಲಿ ಸೊಟ್ಟಗಾಗಿ, ಅಂಟಿನ ಹನಿ ಒಸರಿ, ಹಳದಿಯಾಗಿ ಕೊಳೆಯುತ್ತದೆ. ಸೀಳಿದರೆ ಒಳಗೆ ಬಿಳಿ ಹುಳ. ಹಣ್ಣುನೊಣದ್ದೇ ಕೆಲಸ.

ಬೇವಿನೆಣ್ಣೆಗೆ ಸೋಪು ಸೇರಿಸಿ ಹೊಡೆದೆ, ಮಳೆಗೆ ನಿಲ್ಲಲಿಲ್ಲ. ಕೊಳೆತ ಕಾಯಿಗಳನ್ನು ಬುಡದಲ್ಲಿ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತಿದ್ದೇನೆ. ಅಂಗಡಿಯವರು ಮೊದಲು ಕೊಟ್ಟಿದ್ದು ಮಾವಿನ ನೊಣದ ಮೀಥೈಲ್ ಯೂಜಿನಾಲ್ ಬಲೆ. ಹೀರೆಗೆ ಬರುವ ನೊಣಕ್ಕೆ ಕ್ಯೂ ಲೂರ್ ಅನ್ನೋ ಬೇರೆ ಆಕರ್ಷಕದ ಬಲೆ ಬೇಕು. ಅದನ್ನೂ ತಂದು ಕಟ್ಟಿದೆ. ಅದಕ್ಕೆ ಬೀಳುವುದು ಗಂಡು ನೊಣ, ಕಾಯಿಗೆ ಚುಚ್ಚಿ ಮೊಟ್ಟೆ ಇಡೋದು ಹೆಣ್ಣು ಅಲ್ವಾ!

ಈಗ ಉಳಿದಿರುವುದು ನೊಣ ಮುಟ್ಟದಂತೆ ಮಿಡಿಗೆ ಕವರ್ ಕಟ್ಟುವುದು. ಗೊಂದಲ ಇಲ್ಲೇ. ಹೀರೆ ಹೂ ಅರಳುವುದು ಸಂಜೆ. ಅದಕ್ಕೂ ಮುಂಚೆ ಕಟ್ಟಿದರೆ ಪರಾಗಸ್ಪರ್ಶ ಆಗಲ್ಲ. ಹೂ ಬಾಡಿದ ಮೇಲೆ ಕಟ್ಟಿದರೆ ಅಷ್ಟರಲ್ಲಿ ನೊಣ ಚುಚ್ಚಿರುತ್ತದೆ. ಸಂಜೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ, ಆಗಲೇ ಕವರ್ ಹಾಕಬಹುದಾ? ಇಲ್ಲ ಬೆಳಿಗ್ಗೆವರೆಗೆ ಕಾಯಬೇಕಾ? ಮಳೆಗಾಲದಲ್ಲಿ ಪೇಪರ್ ಬದಲು ಯಾವ ಬಟ್ಟೆ ಕಟ್ಟುತ್ತೀರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.