ವಿಯೆನ್ನಾ ಕಾನ್ಫರೆನ್ಸ್‌ಗೆ ಹೋಗಲು ದುಡ್ಡು ಹೊಂದಿಸುವುದು ಹೇಗೆ? (ರಾಜ್ಯ ವಿವಿ, ಪಿಎಚ್‌ಡಿ ಮೂರನೇ ವರ್ಷ)

ಪಾವಗಡದವಳು:

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಂತರ್ಜಲದ ಫ್ಲೋರೈಡ್ ನನ್ನ ವಿಷಯ. ಪಾವಗಡ, ಮಧುಗಿರಿ ಕಡೆ ಕೊಳವೆಬಾವಿ ನೀರು ತಂದು ನೋಡುತ್ತೇನೆ, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಬಾವಿಗಳು ಎಲ್ಲೆಲ್ಲಿ ಇವೆ, ಅಲ್ಲೇ ಯಾಕೆ ಇವೆ ಅಂತ. ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ನಡೆಯುವ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಸಭೆಗೆ (ಇಜಿಯು) ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಸಾರಾಂಶ) ಹಾಕು ಅಂತ ಗೈಡ್ ಹೇಳಿದ್ದಾರೆ. ಕೊನೇ ದಿನ ಜನವರಿಯಲ್ಲಿ, ಇನ್ನೂ ಟೈಮ್ ಇದೆ.

ತೊಂದರೆ ಗೊತ್ತಲ್ಲ, ದುಡ್ಡು. ನನಗೆ ಜೆಆರ್‌ಎಫ್ (ಕೇಂದ್ರದ ಸಂಶೋಧನಾ ಫೆಲೋಶಿಪ್) ಇಲ್ಲ, ರಾಜ್ಯದ ಫೆಲೋಶಿಪ್, ಅದೂ ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ. ಗೈಡ್ ಹತ್ತಿರ ಈಗ ಪ್ರಾಜೆಕ್ಟ್ ಇಲ್ಲ. ವಿಮಾನಕ್ಕೆ ಎಪ್ಪತ್ತು ಸಾವಿರದ ಹತ್ತಿರ ತೋರಿಸುತ್ತಿದೆ, ರಿಜಿಸ್ಟ್ರೇಷನ್, ವೀಸಾ, ಉಳಿಯುವುದು, ಊಟ ಬೇರೆ. ನಮ್ಮ ವಿಭಾಗದಿಂದ ವಿದ್ಯಾರ್ಥಿ ಯಾರೂ ಹೊರದೇಶಕ್ಕೆ ಹೋದವರಿಲ್ಲ, ಕೇಳೋಣ ಅಂದರೆ ಸೀನಿಯರ್ಸೂ ಇಲ್ಲ. ಯಾವ ಸ್ಕೀಮ್‌ಗೆ ಅರ್ಜಿ ಹಾಕಲಿ? ಹೋಗಿ ಬಂದ ಮೇಲೆ ದುಡ್ಡು ಕೊಡುತ್ತಾರೆ ಅಂತಾರಲ್ಲ, ಹಾಗಾದರೆ ಮೊದಲು ಹಾಕುವವರು ಯಾರು?

ಕಡತಯಜ್ಞ:

ಮೇಡಂ, ನಾನು ವಿವಿಯೊಂದರ ಹಣಕಾಸು ವಿಭಾಗದಲ್ಲಿ ಕೇಸ್ ವರ್ಕರ್. ಮೇಜಿನ ಈಚೆ ಬದಿಯಿಂದ ಹೇಳುತ್ತೇನೆ.

ನಿಮ್ಮ ಕೊನೇ ಪ್ರಶ್ನೆಯೇ ಅಸಲಿ ಪ್ರಶ್ನೆ. ಸ್ಕೀಮ್‌ಗಳ ಹೆಸರು ಯಾರು ಬೇಕಾದರೂ ಹೇಳುತ್ತಾರೆ. ಸರ್ಕಾರದ ದುಡ್ಡು ಮಾತ್ರ ಬಹುಪಾಲು ಹಿಂದಿನಿಂದ ಬರುತ್ತದೆ, ಅದೂ ಬಿಲ್ಲು ಸರಿಯಿದ್ದರೆ. ಆದ್ದರಿಂದ ಯಾರು ಕೊಡುತ್ತಾರೆ ಅನ್ನುವುದರ ಜೊತೆಗೇ ಯಾವಾಗ ಕೊಡುತ್ತಾರೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ವಿಜ್ಞಾನದವರಿಗೆ ದೊಡ್ಡ ದಾರಿ ಐಟಿಎಸ್, ಅಂದರೆ ಹೊರದೇಶದ ಕಾನ್ಫರೆನ್ಸ್‌ಗೆ ಕೇಂದ್ರ ಕೊಡುವ ಪ್ರಯಾಣ ನೆರವು. ಮೊದಲು ಎಸ್‌ಇಆರ್‌ಬಿ (ಕೇಂದ್ರದ ವಿಜ್ಞಾನ ಅನುದಾನ ಮಂಡಳಿ) ನಡೆಸುತ್ತಿತ್ತು, ಈಗ ಎಸ್‌ಇಆರ್‌ಬಿಯೇ ಎಎನ್‌ಆರ್‌ಎಫ್ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಒಳಗೆ ಸೇರಿದೆ, 2023ರ ಕಾಯ್ದೆ ಬಂದ ಮೇಲೆ. ಎಕಾನಮಿ ಕ್ಲಾಸಿನ ವಿಮಾನ ದರ ಹತ್ತಿರದ ದಾರಿ ಲೆಕ್ಕದಲ್ಲಿ, ವೀಸಾ ಶುಲ್ಕ, 35 ವರ್ಷದ ಒಳಗಿದ್ದರೆ ರಿಜಿಸ್ಟ್ರೇಷನ್ನೂ ಇದರ ವ್ಯಾಪ್ತಿಗೆ ಬರುತ್ತವೆ. ಊಟ, ವಸತಿಗೆ ಕೊಡುವುದಿಲ್ಲ. ಒಮ್ಮೆ ಸಿಕ್ಕಿದರೆ ಮತ್ತೆ ಕೆಲವು ವರ್ಷ ಸಿಗುವುದಿಲ್ಲ, ಹಾಗಾಗಿ ಯಾವುದೋ ಸಣ್ಣ ಕಾನ್ಫರೆನ್ಸ್‌ಗೆ ಅದನ್ನು ಖರ್ಚು ಮಾಡಬೇಡಿ. ಅರ್ಜಿ ತಿಂಗಳುಗಟ್ಟಲೆ ಮುಂಚೆ ಹಾಕಬೇಕು, ಈಗಿನ ನಿಯಮವನ್ನು ಪೋರ್ಟಲ್‌ನಲ್ಲೇ ಓದಿ. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಕೂಡ ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರಯಾಣ ಧನ ಕೊಡುತ್ತದೆ. ಎರಡಕ್ಕೂ ಹಾಕಬಹುದು, ಆದರೆ ಒಂದೇ ಟಿಕೆಟ್‌ಗೆ ಎರಡು ಕಡೆ ಬಿಲ್ ಮಾಡುವಂತಿಲ್ಲ. ಎಲ್ಲೆಲ್ಲಿ ಹಾಕಿದ್ದೀರಿ ಅಂತ ಅರ್ಜಿಯಲ್ಲೇ ಬರೆದುಬಿಡಿ.

ಈಗ ಟಿಕೆಟ್ ವಿಷಯ. ಹುಡುಗರು ಎಡವುವುದು ಇಲ್ಲೇ. ಅಗ್ಗ ಸಿಕ್ಕಿತು ಅಂತ ಮೊಬೈಲಲ್ಲಿ ಯಾವುದೋ ಆ್ಯಪ್‌ನಿಂದ ಬುಕ್ ಮಾಡಿಬಿಡುತ್ತಾರೆ. ಮೊದಲೆಲ್ಲ ಕೇಂದ್ರ ಸರ್ಕಾರದ ದುಡ್ಡು ಅಂದರೆ ಏರ್ ಇಂಡಿಯಾದಲ್ಲೇ ಹೋಗಬೇಕಿತ್ತು. 2022ರಲ್ಲಿ ಅದು ಟಾಟಾ ಕೈಗೆ ಹೋದ ಮೇಲೆ ಯಾವ ಕಂಪನಿಯ ವಿಮಾನವಾದರೂ ಸರಿ, ಟಿಕೆಟ್ ಮಾತ್ರ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಈ ಮೂರು ಅಧಿಕೃತ ಟ್ರಾವೆಲ್ ಏಜೆಂಟರಲ್ಲೇ ತೆಗೆಯಬೇಕು ಅಂತಾಯಿತು. ಮಂಜೂರಾತಿ ಪತ್ರದಲ್ಲಿ ಇದು ಸಣ್ಣಕ್ಷರದಲ್ಲಿ ಇರುತ್ತದೆ. ಎರಡು ಸಾವಿರ ಉಳಿಸಲು ಹೋಗಿ ಪೂರ್ತಿ ಬಿಲ್ಲೇ ಆಡಿಟ್ ಆಕ್ಷೇಪಣೆಗೆ ಸಿಕ್ಕಿ ನಿಂತ ಕಡತಗಳು ನನ್ನ ಟೇಬಲ್ ಮೇಲೇ ಇವೆ.

ಮುಂಗಡದ ಬಗ್ಗೆ. ಕೆಲವು ವಿವಿಗಳಲ್ಲಿ ವಿದ್ಯಾರ್ಥಿ ಹೆಸರಿಗೆ ಮುಂಗಡ ಬರೆಯುವುದಿಲ್ಲ, ಗೈಡ್ ಹೆಸರಿಗೆ ಬರೆಯುತ್ತಾರೆ, ಯಾಕೆಂದರೆ ಲೆಕ್ಕ ಕೊಡದಿದ್ದರೆ ಸಂಬಳದಲ್ಲಿ ಹಿಡಿದುಕೊಳ್ಳಬಹುದು. ಮಂಜೂರಾತಿ ಪತ್ರದ ಜೆರಾಕ್ಸ್ ಇಟ್ಟು, ಗೈಡ್ ಮತ್ತು ವಿಭಾಗದ ಅಧ್ಯಕ್ಷರ ಸಹಿ ಹಾಕಿಸಿ, ಕುಲಸಚಿವರಿಗೆ ಒಂದು ಪುಟದ ಪತ್ರ ಕೊಡಿ. ಒಂದೇ ಪುಟ. ಎಷ್ಟು ಬೇಕು, ಯಾವಾಗ ವಾಪಸ್ ಕಟ್ಟುತ್ತೇನೆ, ಇಷ್ಟೇ. ಟಪಾಲಿನಲ್ಲಿ ಹಾಕಿ ಸುಮ್ನೆ ಕೂರಬೇಡಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ವಾರಕ್ಕೊಮ್ಮೆ ಬಂದು ಕೇಳಿ. ನಮಗೆ ಕಿರಿಕಿರಿ ಆಗುತ್ತದೆ, ನಿಜ, ಆದರೆ ಕೇಳಿದವರ ಕಡತವೇ ಮುಂದೆ ಹೋಗುವುದು.

ಸೆಮಿಕೋಲನ್:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕ್ರಮ ಉಲ್ಟಾ ಮಾಡಿ. ಮೊದಲು ಕಾನ್ಫರೆನ್ಸ್ ನಡೆಸುವವರನ್ನೇ ಕೇಳಿ, ಆಮೇಲೆ ಸರ್ಕಾರ. ಅವರು ರಿಜಿಸ್ಟ್ರೇಷನ್ ಬಿಟ್ಟುಬಿಟ್ಟರೆ ಆ ದುಡ್ಡು ನಿಮ್ಮ ಜೇಬಿನಿಂದ ಹೋಗುವುದೇ ಇಲ್ಲ. ವಾಪಸ್ ಬರಲಿ ಅಂತ ಕಾಯುವ ಕೆಲಸವೂ ಇಲ್ಲ.

ನಾನು ಕಂಪ್ಯೂಟರ್ ಸೈನ್ಸ್. ನಮ್ಮಲ್ಲಿ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಅನ್ನುವ ಕಂಪ್ಯೂಟರ್ ವಿಜ್ಞಾನದ ಸಂಘಗಳು ಸೇರಿ ಕೊಡುವ ಟ್ರಾವೆಲ್ ಗ್ರಾಂಟ್ ಇದೆ, ಪ್ರೋಗ್ರಾಮಿಂಗ್ ಭಾಷೆಗಳ ಸಂಶೋಧಕರ ಗುಂಪು ಸಿಗ್‌ಪ್ಲಾನ್‌ನವರದು ಪ್ಯಾಕ್ ಅಂತ ನೆರವು ಇದೆ, ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಸ್ಟೂಡೆಂಟ್ ವಾಲಂಟಿಯರ್ ಆದರೆ ರಿಜಿಸ್ಟ್ರೇಷನ್ ಫ್ರೀ. ನಿಮ್ಮ ಕ್ಷೇತ್ರದಲ್ಲೂ ಇಂಥವು ಇದ್ದೇ ಇರುತ್ತವೆ, ಇಜಿಯು ವೆಬ್‌ಸೈಟ್‌ನಲ್ಲಿ ಹುಡುಕಿ. ಬಯೋ ಕಡೆಯವರು ಓದುತ್ತಿದ್ದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸಿಟೆಪ್ ಯೋಜನೆ ನೋಡಿ, ಸಮಾಜ ವಿಜ್ಞಾನದವರಿಗೆ ಅವರ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಪಿಎಂಆರ್‌ಎಫ್ (ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್) ಇರುವವರಿಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ ಕೈಯಲ್ಲೇ ಇರುತ್ತದೆ, ಅವರು ಇಂಥ ಪ್ರಶ್ನೆ ಕೇಳುವುದಿಲ್ಲ. ರಾಜ್ಯ ವಿವಿಯವರು ಅದೇ ಕಾನ್ಫರೆನ್ಸ್‌ಗೆ ಹೋಗಲು ಅಪ್ಪನ ಹತ್ತಿರ ಕೈ ಚಾಚಬೇಕು. ಸಭೆಯಲ್ಲಿ ತಮ್ಮ ಸಂಶೋಧನೆಯ ಪೋಸ್ಟರ್ ಮುಂದೆ ನಿಂತಾಗ ಇಬ್ಬರೂ ಒಂದೇ ಅಂತಾರೆ. ಅಲ್ಲಿವರೆಗೆ ತಲುಪಬೇಕಲ್ಲ.

ಡ್ಯಾನ್ಯೂಬ್ ದಂಡೆ:

ನಾನು ವಿಯೆನ್ನಾದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ), ಮೂಲ ಹಾಸನ. ತಂಗಿ, ಒಂದು ಮುಖ್ಯ ವಿಷಯ ಮೇಲಿನವರು ಯಾರೂ ಹೇಳಲಿಲ್ಲ. ಜನವರಿವರೆಗೆ ಟೈಮ್ ಇದೆ ಅಂತ ಕೂರಬೇಡ. ಇಜಿಯುನಲ್ಲಿ ರೋಲಾಂಡ್ ಶ್ಲಿಶ್ ಹೆಸರಿನ ಪ್ರಯಾಣ ನೆರವು ಇದೆ, ನಿನ್ನಂಥವರಿಗೇ ಮಾಡಿದ್ದು. ಅದು ಬೇಕಿದ್ದರೆ ಅಬ್‌ಸ್ಟ್ರಾಕ್ಟ್ ಬೇಗ ಹಾಕಬೇಕು, ಸಾಮಾನ್ಯವಾಗಿ ಡಿಸೆಂಬರ್ ಶುರುವಿನಲ್ಲೇ ಅದರ ಗಡುವು ಮುಗಿಯುತ್ತದೆ. ಜನವರಿಯಲ್ಲಿ ಹಾಕಿದರೆ ಸಭೆಗೆ ಬರಬಹುದು, ನೆರವು ಸಿಗುವುದಿಲ್ಲ. ಅಬ್‌ಸ್ಟ್ರಾಕ್ಟ್ ಸಲ್ಲಿಸುವಾಗಲೇ ಒಂದು ಶುಲ್ಕ ಕಟ್ಟಬೇಕು, ಅದಕ್ಕೆ ನಿನ್ನ ಡೆಬಿಟ್ ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿಟ್ಟುಕೋ, ಕೊನೇ ರಾತ್ರಿ ಕಾರ್ಡ್ ಡಿಕ್ಲೈನ್ ಆಯ್ತು ಅಂತ ಮೆಸೇಜ್ ಮಾಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ವೀಸಾ. ಷೆಂಗೆನ್ (ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ 90 ಯೂರೋ. ಆದರೆ ವೈಜ್ಞಾನಿಕ ಸಮ್ಮೇಳನಕ್ಕೆ ಬರುವ ಸಂಶೋಧಕರಿಗೆ ಆ ಶುಲ್ಕ ಬೇಡ ಅಂತ ವೀಸಾ ನಿಯಮದಲ್ಲೇ ಇದೆ. ಕೌಂಟರ್‌ನಲ್ಲಿ ಅವರಾಗಿ ಹೇಳುವುದಿಲ್ಲ, ನೀನೇ ಕೇಳಬೇಕು. ಇಜಿಯು ಪತ್ರ, ವಿವಿಯಿಂದ ಈಕೆ ಸಂಶೋಧನಾ ವಿದ್ಯಾರ್ಥಿನಿ ಅನ್ನುವ ಪತ್ರ, ಎರಡೂ ಮೇಲೆಯೇ ಇರಲಿ. ಅರ್ಜಿ ಕೇಂದ್ರದವರ ಸರ್ವಿಸ್ ಚಾರ್ಜ್ ಬೇರೆ, ಅದು ತಪ್ಪುವುದಿಲ್ಲ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು, ಫೆಬ್ರುವರಿಯಲ್ಲಾದರೂ ಹಾಕಿಬಿಡು, ಮಾರ್ಚ್ ಕೊನೆಗೆ ಸ್ಲಾಟ್ ಸಿಗುವುದೇ ಕಷ್ಟ.

ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ನಿನ್ನ ಫೆಲೋಶಿಪ್ ಒಟ್ಟಿಗೆ ಬರುವುದಾದರೆ ನಡುವಿನ ತಿಂಗಳುಗಳಲ್ಲಿ ಖಾತೆ ಖಾಲಿ ಕಾಣುತ್ತದೆ, ಅಲ್ವಾ. ಅದಕ್ಕೆ ಫೆಲೋಶಿಪ್ ಆದೇಶದ ಪ್ರತಿ ಮತ್ತು ಖರ್ಚು ಯಾರು ಭರಿಸುತ್ತಾರೆ ಅನ್ನುವ ಪತ್ರ ಜೊತೆಗಿಡು. ಹಿಂದಿನ ವಾರ ಯಾರೋ ಲಕ್ಷ ರೂಪಾಯಿ ಹಾಕಿ ಹೋದಂತೆ ಕಂಡರೆ ಅವರಿಗೆ ಅನುಮಾನ ಬರುತ್ತದೆ.

ಪೋಸ್ಟರ್ ಬಟ್ಟೆ ಮೇಲೆ ಪ್ರಿಂಟ್ ಮಾಡಿಸಿ ಮಡಚಿ ತಾ. ಟ್ಯೂಬ್ ಹೊತ್ತುಕೊಂಡು ಮೂರು ಸೆಕ್ಯುರಿಟಿ ದಾಟುವ ಕರ್ಮ ಬೇಡ. ಹಾಸ್ಟೆಲ್‌ಗಳು ಆ ವಾರ ದುಬಾರಿ, ಹದಿನೆಂಟು ಸಾವಿರ ಜನ ಬಂದು ಬೀಳುತ್ತಾರೆ. ಯು1 ಮೆಟ್ರೋ ಸಾಲಿನಲ್ಲಿ ಎಲ್ಲಾದರೂ ಹಿಡಿ, ಸಭೆಯ ಜಾಗಕ್ಕೆ ನೇರ ಬರುತ್ತದೆ.

ತಲೆಹರಟೆ ಪ್ರೊಫೆಸರ್:

ಎಲ್ಲರೂ ಹೋಗು ಹೋಗು ಅಂತಿದ್ದೀರಿ, ನಾನು ಸ್ವಲ್ಪ ಬ್ರೇಕ್ ಹಾಕುತ್ತೇನೆ. ಇಜಿಯು ಒಳ್ಳೆಯ ಸಭೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಈ ಥ್ರೆಡ್ ಓದುವ ಬೇರೆಯವರಿಗೆ ಹೇಳುತ್ತೇನೆ. "ಗೌರವಾನ್ವಿತ ಪ್ರೊಫೆಸರ್" ಅಂತ ಎರಡನೇ ವರ್ಷದ ಹುಡುಗನಿಗೆ ಮೇಲ್ ಬಂದರೆ, ಒಂದೇ ಹೋಟೆಲಲ್ಲಿ ಒಂದೇ ದಿನ ದಂತವೈದ್ಯಕೀಯವೂ ಸಿವಿಲ್ ಎಂಜಿನಿಯರಿಂಗೂ ಇದ್ದರೆ, ಕಳಿಸಿದ ಮರುದಿನವೇ ಪೇಪರ್ ಒಪ್ಪಿಕೊಂಡರೆ, ಅದು ಕಾನ್ಫರೆನ್ಸ್ ಅಲ್ಲ, ಜಾತ್ರೆ ಅಂಗಡಿ. ಅದಕ್ಕೆ ಸಾಲ ಮಾಡಿ ಹೋದವರನ್ನು ನೋಡಿದ್ದೇನೆ.

ಮತ್ತೆ ಪಾವಗಡದವರೇ, ನೆರವು ಸಿಗದಿದ್ದರೆ ಬಡ್ಡಿ ಸಾಲ ಮಾತ್ರ ಮಾಡಬೇಡಿ. ಇಜಿಯುನಲ್ಲಿ ಆನ್‌ಲೈನ್ ಭಾಗವಹಿಸುವ ದಾರಿಯೂ ಇದೆ, ಖರ್ಚು ಎಷ್ಟೋ ಕಡಿಮೆ. ಕಾಫಿ ಹೊತ್ತಿನ ಮಾತುಕತೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಮುಂದಿನ ವರ್ಷ ಅದೇ ಕೆಲಸ ಇನ್ನೂ ಗಟ್ಟಿಯಾಗಿರುತ್ತದೆ.

ಪಾವಗಡದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಸೆಂಬರ್ ಗಡುವಿನ ವಿಷಯ ಗೈಡ್‌ಗೂ ಗೊತ್ತಿರಲಿಲ್ಲ. ಈ ವಾರವೇ ಅಬ್‌ಸ್ಟ್ರಾಕ್ಟ್ ಬರೆದು ಮುಗಿಸೋಣ ಅಂದರು. ಐಟಿಎಸ್ ಅರ್ಜಿಗೆ ಬೇಕಾದ ಕಾಗದಗಳನ್ನೂ ಜೋಡಿಸುತ್ತಿದ್ದೇನೆ. ಆನ್‌ಲೈನ್ ಕೊನೇ ದಾರಿ, ಇಟ್ಟುಕೊಂಡಿರುತ್ತೇನೆ ಸರ್, ಬಡ್ಡಿ ಸಾಲ ಖಂಡಿತ ಮಾಡಲ್ಲ. ಡ್ಯಾನ್ಯೂಬ್ ಅಕ್ಕ (ಅಣ್ಣನೋ ಗೊತ್ತಿಲ್ಲ, ಕ್ಷಮಿಸಿ), ಶುಲ್ಕ ವಿನಾಯಿತಿಯ ನಿಯಮವನ್ನು ಪ್ರಿಂಟ್ ತೆಗೆದುಕೊಂಡೇ ಹೋಗುತ್ತೇನೆ. ಕಡತಯಜ್ಞ ಸರ್, ಬಂದ ಮೇಲೆ ಬಿಲ್ಲಿಗೆ ಏನೇನು ಇಡಬೇಕು ಅಂತ ಒಂದು ಸಲ ಹೇಳಿಬಿಡಿ.

ಕಡತಯಜ್ಞ:

ಟಿಕೆಟ್, ಟಿಕೆಟ್‌ನ ರಸೀದಿ, ಹೋಗುವ ಬರುವ ಎಲ್ಲ ಬೋರ್ಡಿಂಗ್ ಪಾಸ್, ನಡುವೆ ವಿಮಾನ ಬದಲಿಸಿದ್ದರೆ ಅದರದ್ದೂ. ರಿಜಿಸ್ಟ್ರೇಷನ್ ರಸೀದಿ, ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ರೂಪಾಯಿ ಮೊತ್ತ ಕಾಣುವ ಪುಟ, ಭಾಗವಹಿಸಿದ ಪ್ರಮಾಣಪತ್ರ, ಪಾಸ್‌ಪೋರ್ಟ್‌ನಲ್ಲಿ ಸೀಲು ಬಿದ್ದ ಪುಟ. ಇದರ ಮೇಲೆ ಯುಸಿ (ಹಣ ಬಳಕೆ ಪ್ರಮಾಣಪತ್ರ), ಅದಕ್ಕೆ ಹಣಕಾಸು ಅಧಿಕಾರಿಯ ಸಹಿ.

ಬೋರ್ಡಿಂಗ್ ಪಾಸ್ ಮೊಬೈಲಲ್ಲಿ ಇದೆ ಅಂತ ಬಿಡಬೇಡಿ, ಕೌಂಟರ್‌ಗೆ ಹೋಗಿ ಕಾಗದದ್ದೇ ಕೇಳಿ. ಆ ಕಾಗದದ ಅಕ್ಷರ ಒಂದೆರಡು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ ಗೈಡ್ ಹತ್ತಿರ ದೃಢೀಕರಿಸಿ ಇಟ್ಟುಕೊಳ್ಳಿ. ಮಾರ್ಚ್ ಕೊನೇ ವಾರದಲ್ಲಿ ಮಾತ್ರ ಯಾವ ಕಾಗದವನ್ನೂ ನಮ್ಮ ವಿಭಾಗಕ್ಕೆ ತರಬೇಡಿ, ಆಗ ನಮ್ಮ ಮುಖ ನೋಡುವ ಹಾಗಿರುವುದಿಲ್ಲ.