ಕೆಲವರ ಬಾಯಲ್ಲಿ ಮಾತ್ರ ಕೂಡುವ ಪ್ರಾಸಕ್ಕೆ ಏನೆನ್ನಬೇಕು? (ನಾಳೆಯೊಳಗೆ ಬೇಕು)

ಕಲಬುರಗಿಯಿಂದ:
ನಮ್ಮ ಶಾಲೆಯ ಗೋಡೆಯ ಮೇಲೆ ಇಂಗ್ಲಿಷ್ ಪ್ರಾಸಪದಗಳನ್ನು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ಮೊದಲ ಪಟ್ಟಿಗೆ ‘ಅಂತ್ಯಪ್ರಾಸ’ ಎಂಬ ತಲೆಬರಹ ಸಾಕು. ಎರಡನೆಯದಕ್ಕೆ ಪದವೇ ಸಿಗುತ್ತಿಲ್ಲ. ‘ಪಾಸ್’, ‘ಗ್ಯಾಸ್’ ಅಮೆರಿಕದವರಿಗೆ ಪ್ರಾಸ. ಲಂಡನ್ನಿನವರಿಗೆ ಅಲ್ಲ, ಬಸ್ ಪಾಸ್ ಹಿಡಿದು ಬರುವ ನಮ್ಮ ಮಕ್ಕಳಿಗೂ ಅಲ್ಲ. ‘ಫಾದರ್’, ‘ಫಾರ್ದರ್’ ಲಂಡನ್ನಿನ ಕಡೆ ಒಂದೇ ಉಚ್ಚಾರ. ಆರನೆಯ ತರಗತಿಯ ಹುಡುಗಿಯೊಬ್ಬಳು ನಡುವಿನ ರಕಾರವನ್ನು ಗಟ್ಟಿಯಾಗಿ ಉರುಳಿಸಿ ಓದಿದಳು, ಪ್ರಾಸ ಅಲ್ಲೇ ಮುರಿಯಿತು. ಇಂಥವಕ್ಕೆ ಒಂದು ಪದ ಕೊಡಿ. ಜಾಗ ನಾಲ್ಕೇ ಅಡಿ, ಮಾರುದ್ದದ ಸಮಾಸ ಹಿಡಿಸುವುದಿಲ್ಲ.

ಬೀದರಿನಿಂದ:
ಪದ ನಿಮ್ಮ ಓಣಿಯಲ್ಲೇ ಇದೆ: ಲಹಜಾ. ಅರಬ್ಬಿಯಿಂದ ಉರ್ದುವಿಗೆ ಬಂದದ್ದು, ಉಚ್ಚಾರದ ಧಾಟಿ ಎಂದು ಅರ್ಥ. ‘ಲಹಜಾ ಪ್ರಾಸ’ ಎಂದು ಬರೆಸಿ. ಉರ್ದು ಕೇಳಿ ಬೆಳೆದ ಕಿವಿಗೆ ‘ನೋಸ್’, ‘ಡೋಸ್’ ಕೂಡುವುದೇ ಇಲ್ಲ. ಮೂಗಿನ ಪದದ ಕೊನೆಗಿರುವುದು ‘ನಮಾಜ್’ನ ಕೊನೆಯ ಧ್ವನಿ, ಮದ್ದಿನದರಲ್ಲಿ ಬರಿಯ ಸಕಾರ. ಎರಡಕ್ಕೂ ‘ಸ್’ ಬರೆದು ಪ್ರಾಸ ಎನ್ನುವವರು ಕಣ್ಣಿನಿಂದ ಕೇಳುತ್ತಾರೆ. ಹಾಗೆಂದು ನಾವು ಬೀಗುವಂತೆಯೂ ಇಲ್ಲ; ನಮ್ಮ ದಖ್ಖನಿ ನಾಲಿಗೆ ‘ಕಲಂ’ ಅನ್ನು ‘ಖಲಂ’ ಮಾಡುತ್ತದೆ.

ಯಾದಗಿರಿಯಿಂದ:
ಲಹಜಾ ಬೇಡ. ಪ್ರಾಸವೂ ಬೇಡ, ಅದು ಸಂಸ್ಕೃತ. ಉಲಿ, ಕೂಟ ಸೇರಿಸಿ ‘ಉಲಿಗೂಟ’ ಎನ್ನಿ. ಎರವಲು ತಂದದ್ದನ್ನೇ ಗೋಡೆಗೆ ಬರೆದರೆ ಮಕ್ಕಳು ಕನ್ನಡವನ್ನು ಎಲ್ಲಿ ಹುಡುಕಬೇಕು?

ಬೀದರಿನಿಂದ:
‘ಜಮೀನು’, ‘ಕಚೇರಿ’, ‘ರೈತ’ ಈ ಮೂರನ್ನು ಬಿಟ್ಟು ಯಾದಗಿರಿಯಲ್ಲಿ ಒಂದು ಪಹಣಿ ಪಡೆದು ಬನ್ನಿ. ಆಮೇಲೆ ಮಾತನಾಡೋಣ. ರೈತನೂ ಅರಬ್ಬಿ ಮೂಲದವನೇ.

ಸೇಡಂನಿಂದ:
ಇಬ್ಬರೂ ನಿಲ್ಲಿಸಿ. ನಮ್ಮ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಷ್ಟು ಹಿಂದೆಯೇ ‘ಕವಿರಾಜಮಾರ್ಗ’ ಪ್ರಾಸದ ಚರ್ಚೆ ಮಾಡಿದೆ. ಆ ಪ್ರಾಸ ಸಾಲಿನ ತುದಿಯಲ್ಲಲ್ಲ, ಎರಡನೆಯ ಅಕ್ಷರದಲ್ಲಿ ಕುಳಿತಿತ್ತು. ಸಿಂಹ, ಗಜ, ವೃಷಭ ಎಂದು ಅದಕ್ಕೆ ಆರು ಪ್ರಾಣಿಗಳ ಹೆಸರಿಟ್ಟ ಭಾಷೆಗೆ ಪದದ ಬರವೇ? ಹತ್ತಿರದ ಧ್ವನಿಗಳನ್ನು ಕೂಡಿಸುವ ‘ಸಮೀಪಪ್ರಾಸ’ ನಮ್ಮ ಹಳೆಯ ಛಂದಸ್ಸಿನಲ್ಲಿದೆ. ಅದನ್ನೇ ಬರೆಸಿ.

ಕಲಬುರಗಿಯಿಂದ:
ಸಮೀಪಪ್ರಾಸ ಕೇಳಲು ಚೆನ್ನ, ಅರ್ಥ ಕೂಡುವುದಿಲ್ಲ. ಇಲ್ಲಿ ಧ್ವನಿಗಳು ಹತ್ತಿರದವಲ್ಲ. ಒಬ್ಬರಲ್ಲಿ ಪೂರ್ತಿ ಒಂದೇ, ಇನ್ನೊಬ್ಬರಲ್ಲಿ ಪೂರ್ತಿ ಬೇರೆ. ಉತ್ತರ ಇಂಗ್ಲೆಂಡಿನ ಅನೇಕರು ‘ಪುಟ್’ನಂತೆ ‘ಕಟ್’ ಅನ್ನೂ ಉಕಾರದಲ್ಲೇ ಹೇಳುತ್ತಾರೆ. ಅವರ ಮಟ್ಟಿಗೆ ಅದು ಅಪ್ಪಟ ಪ್ರಾಸ, ಸಮೀಪದ್ದೇನಲ್ಲ. ‘ಲಹಜಾ ಪ್ರಾಸ’ ನನಗೆ ಒಪ್ಪಿಗೆಯಿತ್ತು, ಮುಖ್ಯ ಗುರುಗಳಿಗೆ ಇರಲಿಲ್ಲ. ಉಲಿಗೂಟವನ್ನು ಮಕ್ಕಳು ‘ಹುಲಿಗೂಟ’ ಎಂದು ಓದಿದರು. ಕೊನೆಗೆ ‘ಬಾಯಿಪ್ರಾಸ’ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಪೇಂಟರ್ ಸೀಮೆಸುಣ್ಣದಲ್ಲಿ ಗೆರೆ ಹೊಡೆದು, ಚೀಟಿ ನೋಡದೆ ಬರೆಯತೊಡಗಿದರು. ಚಹಾ ಕುಡಿದು ಬರುವಷ್ಟರಲ್ಲಿ ಗೋಡೆಯ ಮೇಲೆ ‘ಬೈಪಾಸ್’ ಇತ್ತು. ತಿದ್ದಿಸಿದ್ದೇನೆ.