ಅಡಾಪ್ಟೇಶನ್‌ಗೆ ‘ಹೊಂದಾಣಿಕೆ’ ಸಾಕೇ?

ಬಲ್ಲವರಲ್ಲಿ ಒಂದು ಸಂದೇಹ. ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರ ಊರೊಂದರಲ್ಲಿ ಹವಾಮಾನ ಬದಲಾವಣೆಯ ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಕೂತು ಮಾತಾಡುವುದೆಂದು ತೀರ್ಮಾನವಾಗಿದೆ. ಚಿತ್ರದ ಕನ್ನಡ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. (ಕ್ಲೈಮೇಟ್‌ಗೆ ಪಠ್ಯಪುಸ್ತಕದ ‘ವಾಯುಗುಣ’ವೇ ಸರಿ ಅನ್ನುವವರಿದ್ದೀರಿ, ಗೊತ್ತು. ಪತ್ರಿಕೆಗಳು ‘ಹವಾಮಾನ ಬದಲಾವಣೆ’ಯನ್ನೇ ರೂಢಿ ಮಾಡಿಬಿಟ್ಟಿವೆ, ಆ ಜಗಳ ಇವತ್ತು ಬೇಡ.) ಮಿಟಿಗೇಶನ್‌ಗೆ, ಅಂದರೆ ಭೂಮಿಯ ಬಿಸಿ ಏರಿಸುವ ಅನಿಲಗಳನ್ನು ಕಡಿಮೆ ಮಾಡುವುದಕ್ಕೆ, ‘ತಗ್ಗಿಸುವುದು’ ನಡೆಯುತ್ತದೆ. ತೊಡಕಿರುವುದು ಅಡಾಪ್ಟೇಶನ್ ಹತ್ತಿರ, ಅಂದರೆ ಬದಲಾದ ಹವಾಮಾನಕ್ಕೆ ತಕ್ಕಂತೆ ಬದುಕು, ಕೆಲಸಗಳನ್ನು ಬದಲಿಸಿಕೊಳ್ಳುವುದಕ್ಕೆ ಪದ ಹುಡುಕುವಲ್ಲಿ.

ಸರ್ಕಾರಿ ಬರಹಗಳಲ್ಲಿ ಕಾಣುವುದು ‘ಹೊಂದಾಣಿಕೆ’. ಜೀವಶಾಸ್ತ್ರದ ಪಾಠದಲ್ಲಿ ಮರುಭೂಮಿಗೆ ಹೊಂದಿಕೊಂಡ ಒಂಟೆಗೂ ಇದೇ ಮಾತು. ಆದರೆ ಆಡುಮಾತಿನಲ್ಲಿ ಹೊಂದಾಣಿಕೆ ಅಂದರೆ ಗಂಡಹೆಂಡಿರದು, ಇಲ್ಲವೇ ಪಕ್ಷಗಳ ಸೀಟು ಹಂಚಿಕೆಯದು. ‘ಹವಾಮಾನ ಬದಲಾವಣೆಗೆ ಹೊಂದಾಣಿಕೆ ಮಾಡಿಕೊಳ್ಳಿ’ ಎಂದು ತೆರೆಯ ಮೇಲೆ ಬಂದರೆ, ‘ಬಂದದ್ದನ್ನು ಬಾಯಿಮುಚ್ಚಿಕೊಂಡು ಅನುಭವಿಸಿ’ ಅಂದಹಾಗೆ ನನ್ನ ಕಿವಿಗೆ ಕೇಳುತ್ತದೆ.

‘ಒಗ್ಗುವುದು’ ಚೆಂದದ ಮಾತು, ಆದರೆ ಚಳಿಗೆ ಮೈ ತಾನಾಗಿ ಒಗ್ಗುತ್ತದೆ, ಅದಕ್ಕೆ ಯಾರೂ ಯೋಚನೆ ಮಾಡಬೇಕಿಲ್ಲ. ಬೆಳೆಗಾರರು ಮಾಡುತ್ತಿರುವುದು ಅದಲ್ಲ. ಫೆಬ್ರವರಿ-ಮಾರ್ಚಿನ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಕಾಫಿಯ ಹೂ ಬಿಡಿಸುತ್ತಾರೆ. ಹೂ ಬಿಟ್ಟ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯೂ ಬಾರದಿದ್ದರೆ ಮತ್ತೊಮ್ಮೆ ನೀರು, ಅದಕ್ಕೆ ಮೊದಲೇ ಕೆರೆ ತುಂಬಿಸಿಟ್ಟಿರಬೇಕು. ಬಯಲುಸೀಮೆಯಲ್ಲಿ ಮುಂಗಾರು ತಡವಾದರೆ ಅಲ್ಪಾವಧಿಯ ರಾಗಿ ತಳಿ ಹುಡುಕುತ್ತಾರೆ. ಇದಕ್ಕೆಲ್ಲ ಅವರು ಹೆಸರಿಟ್ಟಿಲ್ಲ, ‘ಮಳೆ ನೋಡ್ಕೊಂಡು ಮಾಡ್ತೀವಿ’ ಅನ್ನುತ್ತಾರೆ ಅಷ್ಟೇ.

ಗೆಳೆಯರೊಬ್ಬರು ‘ಕಾಲಕ್ಕೆ ತಕ್ಕ ಕೋಲ’ ನೆನಪಿಸಿದರು. ಅರ್ಥ ಹತ್ತಿರವಿದೆ, ಆದರೆ ಅದರಲ್ಲಿ ವೇಷ ಬದಲಿಸುವವನನ್ನು ಆಡಿಕೊಳ್ಳುವ ಧ್ವನಿ ಇದೆ. ಗಾದೆ ಬಿಟ್ಟು ‘ತಕ್ಕ’ವನ್ನಷ್ಟೇ ಉಳಿಸಿಕೊಂಡು ‘ಮಳೆಗೆ ತಕ್ಕ ಬೇಸಾಯ’ ಎಂದು ಸದ್ಯಕ್ಕೆ ಬರೆದಿದ್ದೇನೆ. ತೋಟದ ದೃಶ್ಯಗಳಿಗೆ ಅದು ಹಿಡಿಸಿದಂತಿದೆ. ಆದರೆ ಅದೇ ಚಿತ್ರದಲ್ಲಿ ಕಡಲ್ಕೊರೆತದ ತಡೆಗೋಡೆ ಬರುತ್ತದೆ, ನಗರದ ಚರಂಡಿಯೂ ಬರುತ್ತದೆ. ಅಲ್ಲಿ ಬೇಸಾಯ ಎಲ್ಲಿಂದ ತರಲಿ?

ನಾಮಪದದ ಹಟ ಬಿಟ್ಟು ದೃಶ್ಯಕ್ಕೊಂದು ಕ್ರಿಯಾಪದ ಹಾಕುವುದೇ ವಾಸಿ ಅನ್ನಿಸುತ್ತಿದೆ. ಆದರೆ ಚರ್ಚೆ ನಡೆಸುವವರಿಗೆ ಒಂದೇ ಪದ ಬೇಕಂತೆ. ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದಕ್ಕೆ ಬಳಕೆಯ ಮಾತಿದ್ದರೆ, ಯಾವ ಸಂದರ್ಭದಲ್ಲಿ ಆಡುತ್ತಾರೆ ಎನ್ನುವುದರ ಸಮೇತ ತಿಳಿಸಿ.